ಅಪ್ಪಾಜಿ ಬೆಂಜ್ ಗಾಡಿ ದಾನಕ್ಕ ಹೋಯ್ತು

ಮನಿ ಮುಂದಿನ ಶೆಡ್ ಖಾಲಿ ಕಂಡವರೆಲ್ಲ ಕೇಳ್ಲತ್ಯಾರ, ಡಾಕ್ಟರ್ ಸಾಹೇಬ್ರ ಬೆಂಜ್ ಎಲ್ಲಿ ಹೋಯ್ತು, ಮಾರಿದ್ರೇನು, ರೊಕ್ಕದ ಅಡಚಣಿ ಏನರ ಬಂತೇನು ಅಂತ. ಒಬ್ಬೊಬ್ಬರಿಗೆ ನಿಂತು ಹೇಳೋದಕ್ಕಿಂತ ಇಲ್ಲೇ ಒಂದ್ಸಲ ಪೂರಾ ಬರ್ದುಬಿಡ್ತೀನಿ. ಮನ್ಯಾಗ ಹಿಂಗ ಒಂದು ಹಳೇ ದೊಡ್ಡ ಗಾಡಿ ಇಟ್ಕೊಂಡು, ಇದನ್ನ ಯಾವುದಾದ್ರೂ ಒಳ್ಳೆ ಕೆಲಸಕ್ಕ ಕೊಟ್ಟುಬಿಡೋಣ ಅಂತ ವಿಚಾರ ಮಾಡೋ ಮಂದಿ ನಮ್ಮ ಕಲಬುರಗ್ಯಾಗ ಇನ್ನೂ ಇದ್ದಾರ, ಅವ್ರಿಗೂ ನಮ್ಮ ಎರಡು ವರ್ಷದ ಓಡಾಟ ಉಪಯೋಗ ಆಗ್ಬಹುದು.

ಗಾಡಿ ಅಂದ್ರ ಮರ್ಸಿಡಿಸ್ ಬೆಂಜ್ 240ಡಿ, 1979ರ ಮಾಡೆಲ್. ಕಂಪನಿ ಒಳಗಿನ ಹೆಸರು ಡಬ್ಲ್ಯೂ 123. ಬೆಂಜ್ ಗಾಡಿ ನಮ್ಮ ದೇಶದಾಗ ತಯಾರಾಗ್ಲಿಕ್ಕೆ ಶುರುವಾಗಿದ್ದೇ 1990ರ ದಶಕದಾಗ, ಪುಣೆದಾಗ. ಅದಕ್ಕಿಂತ ಮೊದಲು ದಿಲ್ಲಿಯ ರಾಯಭಾರ ಕಚೇರಿಯವರು ಬಳಸಿ ಬಿಟ್ಟ ವಿದೇಶಿ ಕಾರುಗಳನ್ನ ಎಸ್‌ಟಿಸಿ ಅಂದ್ರ ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ ಮೂಲಕ ಮಾರ್ತಿದ್ರು. ನಮ್ಮದೂ ಹಂಗ ಬಂದ ಗಾಡಿ. ಅಪ್ಪಾಜಿಯ ಹೈದರಾಬಾದ್ ಗೆಳೆಯ ಒಬ್ರು ಅಲ್ಲಿಂದ ತಗೊಂಡಿದ್ರು, ಅವ್ರು ಊರು ಬಿಡೋವಾಗ 1988ರಾಗ ಅಪ್ಪಾಜಿ ಕೊಂಡ್ರು. ಕೆನೆ ಬಣ್ಣ, ಒಳಗ ಕಂದು ಬಣ್ಣದ ಸೀಟು. ಆ ಸೀಟು ನೋಡಿದವರೆಲ್ಲ ಚರ್ಮ ಅಂತಿದ್ರು, ಖರೇ ಅಂದ್ರ ಅದು ಎಂಬಿ ಟೆಕ್ಸ್ ಅನ್ನೋ ಒಂದು ಥರದ ಪ್ಲಾಸ್ಟಿಕ್ ರೆಗ್ಜಿನ್. ಕಲಬುರಗಿ ಬಿಸಿಲಿಗೆ ಡ್ಯಾಶ್‌ಬೋರ್ಡ್ ಮೂರು ಕಡೆ ಸೀಳಿತ್ತು ಆದ್ರ ಸೀಟು ಮಾತ್ರ ಒಂದು ಗೆರಿ ಬಿಟ್ಟಿದ್ದಿಲ್ಲ.

ಬೆಂಜ್ ಅಂದ ಕೂಡ್ಲೇ ಮಂದಿ ಸ್ಪೀಡ್ ಅನ್ಕೋತಾರ. ಇದರಾಗ ಸ್ಪೀಡ್ ಅನ್ನೋದು ಇದ್ದಿದ್ದೇ ಇಲ್ಲ. 2.4 ಲೀಟರ್, ನಾಲ್ಕು ಸಿಲಿಂಡರ್ ಡೀಸೆಲ್ ಇಂಜಿನ್, 72 ಹಾರ್ಸ್ ಪವರ್, ಗಾಡಿ ತೂಕ ನೋಡಿದ್ರ 14 ಕ್ವಿಂಟಲ್ ಹತ್ರ. ನೂರು ಕಿಲೋಮೀಟರ್ ವೇಗ ಮುಟ್ಲಿಕ್ಕೆ 20 ಸೆಕೆಂಡ್ ಮ್ಯಾಲೇ ಬೇಕು. ಜರ್ಮನಿದಾಗ ಈ ಗಾಡಿ ಟ್ಯಾಕ್ಸಿ ಆಗಿ ಓಡ್ತಿತ್ತು, ಸಾಹುಕಾರ್ರದ್ದೂ ಇದೇ, ಟ್ಯಾಕ್ಸಿದೂ ಇದೇ. 1975ರ ಕೊನೀಂದ 1986ರ ಶುರು ತನಕ ಡಬ್ಲ್ಯೂ 123 ಗಾಡಿ ಎಲ್ಲಾ ಥರದ್ದೂ ಸೇರಿ ಹತ್ರಹತ್ರ 27 ಲಕ್ಷ ತಯಾರಾಗ್ಯಾವ. ಮುರಿಯದಂಥ ಗಾಡಿ ಅಂತ ಅಪ್ಪಾಜಿಗೆ ಭಾಳ ಅಭಿಮಾನ. ಗ್ರೀಸ್ ದೇಶದ ಗ್ರೆಗೋರಿಯೋಸ್ ಸಾಹಿನಿಡಿಸ್ ಅನ್ನೋ ಟ್ಯಾಕ್ಸಿ ಡ್ರೈವರ್ ಇದರ ಹಿಂದಿನ ತಲೆಮಾರಿನ 240ಡಿ ಒಂದನ್ನ 46 ಲಕ್ಷ ಕಿಲೋಮೀಟರ್ ಓಡಿಸಿ 2004ರಾಗ ಬೆಂಜ್ ಕಂಪನಿ ಮ್ಯೂಸಿಯಂಗೆ ಕೊಟ್ಟ ಸುದ್ದಿ ಯಾರೋ ಹೇಳಿದಾಗ ಅಪ್ಪಾಜಿ ಅದನ್ನ ಒಂದು ಚೀಟ್ಯಾಗ ಬರ್ದು ಗ್ಲವ್ ಬಾಕ್ಸಿನ್ಯಾಗ ಇಟ್ಕೊಂಡಿದ್ರು, ಬಂದೋರಿಗೆಲ್ಲ ತೆಗೆದು ಓದಿ ಹೇಳೋರು.

ಚಳಿಗಾಲದಾಗ ಮುಂಜಾನಿ ಗಾಡಿ ಚಾಲೂ ಮಾಡೋದು ಒಂದು ಪೂಜಿ ಇದ್ದಂಗ. ಚಾವಿ ತಿರುವಿ ಹಳದಿ ದೀಪ ಆರೋ ತನಕ ಸುಮ್ಮ ಕೂಡಬೇಕು, ಇಂಜಿನ್ ಒಳಗ ಬಿಸಿ ಮಾಡೋ ಗ್ಲೋ ಪ್ಲಗ್ ಕಾಯಬೇಕು. 1980ರ ಮೊದಲಿನ ಗಾಡ್ಯಾಗ ನಾಲ್ಕೂ ಗ್ಲೋ ಪ್ಲಗ್ ಒಂದರ ಹಿಂದ ಒಂದು ಸರಪಳಿ ಹಂಗ ಜೋಡ್ಸಿರ್ತಾರ, ಒಂದು ಸುಟ್ರ ನಾಲ್ಕೂ ಸತ್ತಂಗ. ಅದಕ್ಕ ಅಪ್ಪಾಜಿ ಡಿಕ್ಕ್ಯಾಗ ಯಾವಾಗ್ಲೂ ಎರಡು ಪ್ಲಗ್, ಒಂದು ಪಾನಾ ಇಟ್ಟಿರ್ತಿದ್ರು, ಸ್ಟೆತೊಸ್ಕೋಪ್ ಮರ್ತ್ರೂ ಪಾನಾ ಮರೀತಿದ್ದಿಲ್ಲ.

ಯಾಕ ಇಷ್ಟು ಕಾಳಜಿ ಅಂದ್ರ ಆ ಗಾಡಿ ಮೆರವಣಿಗಿ ಗಾಡಿ ಆಗಿದ್ದಿಲ್ಲ. 90ರ ದಶಕದಾಗ ನಮ್ಮೂರಾಗ ಈಗಿನ ಹಂಗ ಜಯದೇವ ದವಾಖಾನಿ ಇಲ್ಲ, ಇಎಸ್‌ಐಸಿ ಇಲ್ಲ, ಏನರ ದೊಡ್ಡ ಜಡ್ಡು ಬಂತಂದ್ರ ಸೊಲ್ಲಾಪುರ ಇಲ್ಲಾ ಹೈದರಾಬಾದ್. ಸೊಲ್ಲಾಪುರ 110 ಕಿಲೋಮೀಟರ್, ಹೈದರಾಬಾದ್ 220ರ ಹತ್ರ. ರಾತ್ರಿ ಹನ್ನೆರಡಕ್ಕ ಬಾಗಿಲು ಬಡಿಯೋರು. ಅಪ್ಪಾಜಿ ನೋಡಿ, ಇಲ್ಲಿ ಆಗಲ್ಲ ಅನ್ನಿಸಿದ್ರ ಹಿಂದಿನ ಸೀಟಿನ ಮ್ಯಾಲ ಕೌದಿ ಹಾಸಿ ಪೇಷಂಟ್‌ನ ಮಲಗಿಸಿ ತಾವೇ ಸ್ಟೇರಿಂಗ್ ಹಿಡಿಯೋರು. ಆಳಂದ ರೋಡಿನ ತಗ್ಗಿನ್ಯಾಗೂ ಆ ಗಾಡಿ ತೇಲಿಕೊಂಡು ಹೋಗ್ತಿತ್ತು, ಸಸ್ಪೆನ್ಷನ್ ಅಷ್ಟು ಮೆತ್ತಗ. ಒಂದು ಕೂಸು ಆ ಸೀಟಿನ ಮ್ಯಾಲೇ ಹುಟ್ಟ್ಯದ, ಅಕ್ಕಲಕೋಟ ದಾಟಿದ ಮ್ಯಾಲ. ಆ ಕೌದಿ ಇವತ್ತಿಗೂ ನನ್ನ ಹತ್ರ ಅದ.

ಅಪ್ಪಾಜಿ 2023ರಾಗ ತೀರ್ಕೊಂಡ್ರು. ಕೊನೀ ಎರಡು ವರ್ಷ ಕಿಡ್ನಿ ಕೆಲಸ ಮಾಡ್ತಿದ್ದಿಲ್ಲ, ವಾರಕ್ಕ ಎರಡು ಸಲ ಡಯಾಲಿಸಿಸ್. ನಾನೇ ಕರ್ಕೊಂಡು ಹೋಗ್ತಿದ್ದೆ, ನಮ್ಮ ಸಣ್ಣ ಕಾರಿನ್ಯಾಗ. ಹಾಸಿಗಿ ಮ್ಯಾಲಿದ್ದಾಗ ಒಂದಿನ ಅಂದ್ರು, ಬೆಂಜ್ ಶೆಡ್ಡಿನ್ಯಾಗ ಕೊಳೀಬಾರ್ದು ಮಗಳಾ, ಯಾರಿಗಾದ್ರೂ ಕೆಲಸಕ್ಕ ಬರೋ ಹಂಗ ಕೊಟ್ಟುಬಿಡ್ರಿ, ಮಾರಿ ಹಂಚ್ಕೋಬ್ಯಾಡ್ರಿ. ಅಷ್ಟೇ ಅಂದಿದ್ದು. ಯಾರಿಗೆ, ಹ್ಯಾಂಗ ಅಂತ ಹೇಳ್ಲಿಲ್ಲ.

ನಾ ತಿಳ್ಕೊಂಡಿದ್ದು, ದಾನ ಕೊಡೋದಕ್ಕ ಏನ್ ತ್ರಾಸು, ತಗೊಳ್ಳೋರು ಸಾಲು ನಿಲ್ತಾರ ಅಂತ. ಆಗಿದ್ದೇ ಬ್ಯಾರೆ.

ಮೊದಲು ಕಾಗದದ ಕತಿ ಹೇಳ್ತೀನಿ ಯಾಕಂದ್ರ ಎಲ್ಲಾರೂ ಇಲ್ಲೇ ಎಡವೋದು. ಆರ್‌ಸಿ ತೀರಿಹೋದವರ ಹೆಸರಿಗೆ ಇದ್ರ ಆ ಗಾಡಿ ನೀವು ಯಾರಿಗೂ ಕೊಡ್ಲಿಕ್ಕೆ ಬರಲ್ಲ. ಮಾಲೀಕ ತೀರಿದ 30 ದಿನದಾಗ ಆರ್‌ಟಿಓಗೆ ತಿಳಿಸಬೇಕು, ಮೂರು ತಿಂಗಳೊಳಗ ಫಾರ್ಮ್ 31 ಹಾಕಿ ವಾರಸುದಾರ ಹೆಸರಿಗೆ ಮಾಡಿಸ್ಕೋಬೇಕು. ದುಃಖದ ಮನ್ಯಾಗ ಇದೆಲ್ಲ ಯಾರಿಗೆ ನೆನಪಿರ್ತದ ಹೇಳ್ರಿ, ನಾವು ಹೋಗಿದ್ದೇ ಎಂಟು ತಿಂಗಳ ಮ್ಯಾಲ. ಅವ್ವ, ಅಣ್ಣ, ನಾನು ಮೂರು ಮಂದಿ ವಾರಸುದಾರರು, ಅಣ್ಣ ಇರೋದು ಅಮೆರಿಕದ ಟೆಕ್ಸಾಸಿನ್ಯಾಗ, ಅವ್ನ ಒಪ್ಪಿಗಿ ಅಫಿಡವಿಟ್ ಹ್ಯೂಸ್ಟನ್ ಕಾನ್ಸುಲೇಟಿನ್ಯಾಗ ಸಹಿ ಮಾಡಿಸಿ ಕೊರಿಯರ್ ಮಾಡ್ಸಿದ್ದಾಯ್ತು.

ಅದರ ಮ್ಯಾಲ ರಿಜಿಸ್ಟ್ರೇಷನ್ ಮುಗಿದುಹೋಗಿತ್ತು. ಸ್ವಂತ ಕಾರಿಗೆ 15 ವರ್ಷ ಆದ ಮ್ಯಾಲ ಐದೈದು ವರ್ಷಕ್ಕೊಮ್ಮೆ ನವೀಕರಣ ಮಾಡಿಸಬೇಕು. 2022ರ ಏಪ್ರಿಲ್ ಒಂದರಿಂದ ಇಂಪೋರ್ಟೆಡ್ ಕಾರಿಗೆ ಆ ಫೀಸು 40,000 ರೂಪಾಯಿ ಆಗ್ಯದ, ಮೊದಲು 15,000 ಇತ್ತು. ತಡ ಆದ್ರ ತಿಂಗಳಿಗೆ 500 ರಂಗ ಬ್ಯಾರೆ. ಮ್ಯಾಲ ಗ್ರೀನ್ ಟ್ಯಾಕ್ಸು, ಇನ್ಶೂರೆನ್ಸು. ನಮ್ಮದು ಆದ ಮ್ಯಾಲ 2025ರ ಆಗಸ್ಟಿನ್ಯಾಗ 20 ವರ್ಷ ದಾಟಿದ ಇಂಪೋರ್ಟೆಡ್ ಕಾರಿಗೆ 80,000 ಮಾಡ್ಯಾರ, ಹಂಗಾಗಿ ಮುಂದ ಮಾಡಿಸೋರು ರೊಕ್ಕ ಸರಿಯಾಗಿ ಹೊಂದಿಸ್ಕೊಂಡು ಹೋಗ್ರಿ.

ಒಬ್ರು ಸಲಹೆ ಕೊಟ್ರು, ವಿಂಟೇಜ್ ಅಂತ ಮಾಡಿಸ್ರಿ, 20,000 ದಾಗ ಹತ್ತು ವರ್ಷಕ್ಕ ಮುಗೀತದ, ನಂಬರ್ ಪ್ಲೇಟಿನ್ಯಾಗ ವಿಎ ಅಂತ ಅಕ್ಷರ ಬರ್ತದ ಅಂತ. ಹೌದು, 2021ರಾಗ ಹಂಗೊಂದು ನಿಯಮ ಬಂದದ. ಆದ್ರ ಅದು ಮೊದಲ ರಿಜಿಸ್ಟ್ರೇಷನ್ ಆಗಿ 50 ವರ್ಷ ದಾಟಿದ ಗಾಡಿಗೆ. ಊರ ಮಂದಿ ಬಾಯಾಗ ನಮ್ಮದು ವಿಂಟೇಜ್, ಕಾನೂನಿನ್ಯಾಗ 2029ರ ತನಕ ಅಲ್ಲ. ಇನ್ನೊಂದು ಮಾತು, ವಿಂಟೇಜ್ ಅಂತ ಒಂದ್ಸಲ ಆಯ್ತಂದ್ರ ಆ ಗಾಡಿ ದಿನಾ ರೋಡಿಗೆ ಇಳಿಸೋ ಹಂಗಿಲ್ಲ, ಪ್ರದರ್ಶನ, ರ‍್ಯಾಲಿ, ರಿಪೇರಿ, ಇಂಧನ ಹಾಕಿಸ್ಕೊಂಡು ಬರೋದು ಇಂಥದ್ದಕ್ಕಷ್ಟೇ. ಕೆಲಸಕ್ಕ ಬರಬೇಕು ಅಂದ ಅಪ್ಪಾಜಿ ಮಾತಿಗೆ ಅದು ಪೂರಾ ಉಲ್ಟಾ.

ಕಾಗದ ಒಂದು ಹಂತಕ್ಕ ಬಂತು, ಈಗ ಕೊಡೋದು ಯಾರಿಗೆ. ಮೊದಲು ಒಂದು ವೃದ್ಧಾಶ್ರಮಕ್ಕ ಹೋದೆ. ಅಲ್ಲಿನ ಅಮ್ಮ ನನಗ ಚಹಾ ಕುಡಿಸಿ ಭಾಳ ಸಮಾಧಾನದಿಂದ ಬ್ಯಾಡ ಅಂದ್ರು. ಹಿಂದೊಮ್ಮೆ ಯಾರೋ ಒಂದು ಹಳೇ ದೊಡ್ಡ ಕಾರ್ ಕೊಟ್ಟಿದ್ರಂತ, ಒಂದು ವರ್ಷದಾಗ ಅದರ ಗೇರ್ ಬಾಕ್ಸಿಗೇ 60,000 ಹೋಯ್ತು, ಅಷ್ಟ್ರಾಗ ನಮ್ಮ ಅಜ್ಜ ಅಜ್ಜಿಗಳ ಎರಡು ತಿಂಗಳ ರೇಷನ್ ಆಗ್ತಿತ್ತು, ಕೊಟ್ಟೋರ ಮನಸ್ಸು ನೋಯ್ತದ ಅಂತ ಮಾರ್ಲಿಕ್ಕೂ ಬರ್ಲಿಲ್ಲ ಅಂದ್ರು. ನಾ ಹೊರಗ ಬಂದು ನಮ್ಮ ಸಣ್ಣ ಕಾರಿನ್ಯಾಗ ಸ್ವಲ್ಪ ಹೊತ್ತು ಸುಮ್ಮ ಕೂತೆ. ಅದು ತನಕ ನಾನು ನಮ್ಮ ಕಡೀಂದ ಅಷ್ಟೇ ನೋಡಿದ್ದೆ, ನಾವು ಎಷ್ಟು ದೊಡ್ಡ ಸಾಮಾನು ಕೊಡ್ಲತ್ತೀವಿ ಅಂತ. ಅವ್ರ ಅಂಗಳದಾಗ ಅದು ಬಂದು ನಿಂತ್ರ ಹ್ಯಾಂಗ ಅಂತ ವಿಚಾರಾನೇ ಮಾಡಿದ್ದಿಲ್ಲ.

ಎರಡನೇದವರು ಕೂಡ್ಲೇ ಬೇಕು ಅಂದ್ರು. ಇಬ್ರು ಮನಿಗೆ ಬಂದು ಗಾಡಿ ಸುತ್ತ ತಿರುಗಿ, ಹಾರ ಹಾಕಿ ಫೋಟೋ ತಗೊಂಡು ಪೇಪರಿಗೆ ಹಾಕಿಸ್ತೀವಿ ಅಂದು, ಗಾಡಿ ಇನ್ನೊಬ್ಬರ ಹೆಸರಿಗೆ ಮಾಡೋ ಫಾರ್ಮ್ 29 ಮತ್ತ 30ರ ಮ್ಯಾಲ ಹೆಸರು ಬರೀದಂಗ ಬರೇ ಸಹಿ ಮಾಡಿ ಕೊಡ್ರಿ, ಮುಂದಿಂದು ನಾವು ನೋಡ್ಕೋತೀವಿ ಅಂದ್ರು. ಇದನ್ನ ಯಾರೂ, ಯಾವತ್ತೂ ಮಾಡಬ್ಯಾಡ್ರಿ. ಎಷ್ಟೇ ಒಳ್ಳೆ ಸಂಸ್ಥಾ ಇರಲಿ. ಆರ್‌ಸಿ ಬದಲಾಗೋ ತನಕ ಆ ಗಾಡಿ ಕಾನೂನಿನ್ಯಾಗ ನಿಮ್ಮದೇ, ನಾಳೆ ಅದು ಯಾರಿಗಾದ್ರೂ ಬಡಿದ್ರ ಪರಿಹಾರದ ಹೊಣಿ ಆರ್‌ಸಿ ಮ್ಯಾಲ ಹೆಸರಿದ್ದವರ ಮ್ಯಾಲ ಬರ್ತದ ಅಂತ ಸುಪ್ರೀಂ ಕೋರ್ಟ್ 2018ರಾಗ ನವೀನ್ ಕುಮಾರ್ ಮತ್ತ ವಿಜಯ್ ಕುಮಾರ್ ನಡುವಿನ ಕೇಸಿನ್ಯಾಗ ಸಾಫ್ ಹೇಳ್ಯದ. ದಾನದ ಕಾಗದನೂ ಹಂಗೇ, ಚರಾಸ್ತಿ ದಾನಕ್ಕ ರಿಜಿಸ್ಟರ್ ಪತ್ರ ಬೇಕೇಬೇಕು ಅಂತ ಇಲ್ಲ, ಕೈಗೆ ಒಪ್ಪಿಸಿದ್ರೂ ದಾನ ಆಗ್ತದ ಅಂತ 1882ರ ಆಸ್ತಿ ವರ್ಗಾವಣೆ ಕಾಯ್ದೆ ಹೇಳ್ತದ, ಅದೂ 123ನೇ ಸೆಕ್ಷನ್ನಿನ್ಯಾಗ, ನಮ್ಮ ಗಾಡಿ ಮಾಡೆಲ್ ನಂಬರೇ ಅದು ಅಂತ ನನಗ ಓದಿದಾಗ ಮೈ ಝುಮ್ ಅಂತು. ಆದ್ರ ಗಾಡಿ ವಿಷಯದಾಗ ಕೈಗೆ ಕೊಟ್ಟು ಸುಮ್ಮ ಆಗೋದಲ್ಲ, ಆರ್‌ಸಿ ಅವ್ರ ಹೆಸರಿಗೆ ಆಯ್ತೋ ಇಲ್ಲೋ ಕಣ್ಣಾರ ನೋಡಬೇಕು.

ಮ್ಯೂಸಿಯಂ ಅಂತನೂ ಒಂದು ವಿಚಾರ ಬಂತು. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರ ಹಳೇ ಕಾರುಗಳ ಸಂಗ್ರಹ ಈಗ ಶ್ರೀರಂಗಪಟ್ಟಣದ ಹತ್ರ ಪಯಣ ಅಂತ ದೊಡ್ಡ ಮ್ಯೂಸಿಯಂ ಆಗ್ಯದ, ನೋಡಬೇಕಾದ ಜಾಗ. ಆದ್ರ ನನಗ ಹೈದರಾಬಾದಿನ ಚೌಮಹಲ್ಲಾ ಅರಮನಿ ನೆನಪಾಯ್ತು. ಅಲ್ಲಿ ನಿಜಾಮರ ಹಳದಿ ರೋಲ್ಸ್ ರಾಯ್ಸ್ ಅದ, 1912ರ ಸಿಲ್ವರ್ ಘೋಸ್ಟ್, ಹಿಂದ ಸೀಟಿನ ಬದಲಿ ಸಿಂಹಾಸನ. ಆರನೇ ನಿಜಾಮ ಮಹಬೂಬ್ ಅಲಿ ಖಾನ್ ಆರ್ಡರ್ ಕೊಟ್ಟು, ಗಾಡಿ ಬರೋದ್ರಾಗ ಅವ್ರೇ ತೀರಿಹೋಗಿದ್ರು. ನಮ್ಮೂರಿನ ಮಹಬೂಬ್ ಗುಲ್ಶನ್ ಗಾರ್ಡನ್ ಇರೋದು ಅವ್ರ ಹೆಸರಿಂದೇ. ಆ ಕಾರು ನೂರು ವರ್ಷದಾಗ ಓಡಿದ್ದು ಬರೇ 356 ಮೈಲಿ, ಅಂದ್ರ ಕಲಬುರಗಿಯಿಂದ ಬೆಂಗಳೂರಿಗೆ ಒಂದ್ಸಲ ಹೋದಷ್ಟೂ ಇಲ್ಲ ಅನ್ರಿ. ಅದರ ಮುಂದ ನಿಂತು ಅಪ್ಪಾಜಿ ಭಾಳ ಹೊತ್ತು ಮಾತಾಡ್ಲಿಲ್ಲ, ಆಮ್ಯಾಲ ಪಾಪ ಇದಕ್ಕ ಓಡ್ಲಿಕ್ಕೇ ಬಿಟ್ಟಿಲ್ಲ ನೋಡು ಅಂದ್ರು. ಗಾಜಿನ ಹಿಂದ ನಿಲ್ಲಿಸೋ ವಿಚಾರ ನಾ ಅಲ್ಲಿಗೇ ಬಿಟ್ಟೆ.

ಅಣ್ಣ ಫೋನ್ ಮಾಡಿದಾಗೆಲ್ಲ ಅಮೆರಿಕದ ಪದ್ಧತಿ ಹೇಳ್ತಿದ್ದ. ಅಲ್ಲಿ ಹಳೇ ಕಾರು ದಾನಕ್ಕ ಕೊಡೋದು ಭಾಳ ಸಾಮಾನ್ಯ, ಫೋನ್ ಮಾಡಿದ್ರ ಟೋ ಗಾಡಿ ಮನಿ ಬಾಗಿಲಿಗೆ ಬಂದು ಒಯ್ತದ, ಸಂಸ್ಥಾ ಹರಾಜಿಗೆ ಹಾಕ್ತದ, 1098-ಸಿ ಅನ್ನೋ ಫಾರ್ಮ್ ಕಳಸ್ತದ, ಅದನ್ನ ತೋರ್ಸಿ ಟ್ಯಾಕ್ಸಿನ್ಯಾಗ ಕಡಿತ ತಗೋತಾರ. ಮೊದಲು ಮಂದಿ ತಮಗ ತಿಳಿದಷ್ಟು ಬೆಲಿ ಬರ್ಕೋತಿದ್ರಂತ, 2005ರಿಂದ ಅದು ಬಿಗಿ ಆಗ್ಯದ, 500 ಡಾಲರ್ ಮ್ಯಾಲ ಆದ್ರ ಹರಾಜಿನ್ಯಾಗ ಎಷ್ಟು ಬಂತೋ ಅಷ್ಟೇ ಲೆಕ್ಕ. ಆದ್ರ ಸಂಸ್ಥಾ ತಾನೇ ಆ ಗಾಡಿ ತನ್ನ ಕೆಲಸಕ್ಕ ಬಳಸಿದ್ರ, ಇಲ್ಲಾ ಬಡವರಿಗೆ ಕೊಟ್ರ, ಪೂರಾ ಮಾರ್ಕೆಟ್ ಬೆಲಿ ತೋರಿಸ್ಲಿಕ್ಕೆ ಬರ್ತದಂತ. ಇದು ನನಗ ಭಾಳ ಹಿಡಿಸ್ತು, ಕೆಲಸಕ್ಕ ಬಂದ ದಾನಕ್ಕ ಹೆಚ್ಚಿನ ಬೆಲಿ ಅಂತ ಸರಕಾರವೇ ಒಪ್ಪಿದಂಗ.

ನಮ್ಮಲ್ಲಿ ಹಂಗಿಲ್ಲ. ನಮ್ಮ ಸಿಎ ಹೇಳಿದ್ದು ಕೇಳಿ ನನಗ ಆಶ್ಚರ್ಯನೇ ಆಯ್ತು, ನಾವು ಕೇಳ್ಕೊಂಡು ಬಂದ 80ಜಿ, ಅಂದ್ರ ದಾನ ಕೊಟ್ಟೋರಿಗೆ ಸಿಗೋ ಟ್ಯಾಕ್ಸ್ ವಿನಾಯಿತಿ, ಇರೋದು ರೊಕ್ಕ ಕೊಟ್ರ ಮಾತ್ರ. ಗಾಡಿ, ಅಕ್ಕಿ, ಬಟ್ಟಿ, ಹಾಸಿಗಿ ಏನೇ ಸಾಮಾನು ಕೊಟ್ರೂ ಒಂದು ಪೈಸೆ ಕಡಿತ ಇಲ್ಲ. ರೊಕ್ಕನೂ ನಗದು ಆದ್ರ 2,000 ಮ್ಯಾಲ ನಡಿಯಲ್ಲ, ಚೆಕ್ ಇಲ್ಲಾ ಬ್ಯಾಂಕಿನಿಂದಲೇ ಹೋಗಬೇಕು, ಸಂಸ್ಥಾದವರಿಂದ ದಾನದ ಸರ್ಟಿಫಿಕೇಟ್ ತಗೋಬೇಕು. ಹೊಸ ಟ್ಯಾಕ್ಸ್ ಪದ್ಧತಿ ಹಿಡಿದೋರಿಗೆ ಅದೂ ಇಲ್ಲ, ನಾನು ಹೊಸದ್ರಾಗೇ ಇದ್ದೀನಿ, ಹಂಗಾಗಿ ನನಗ ಟ್ಯಾಕ್ಸಿನ ಮಾತೇ ಬರ್ಲಿಲ್ಲ. ಆದ್ರ ಒಂದು ಒಳ್ಳೆ ಸುದ್ದಿ ಹೇಳಿದ್ರು, ಸ್ವಂತಕ್ಕ ಬಳಸಿದ ಕಾರು ಮಾರಿದ್ರ ಅದರ ಮ್ಯಾಲ ಕ್ಯಾಪಿಟಲ್ ಗೇನ್ಸ್ ಟ್ಯಾಕ್ಸ್ ಬರಲ್ಲ, ಯಾಕಂದ್ರ ಕಾನೂನಿನ್ಯಾಗ ಅದು ಮೈಮ್ಯಾಲಿನ ಅರಿವಿ ಹಂಗ ಸ್ವಂತ ಸಾಮಾನು. ಮಾರಿದ ರೊಕ್ಕ ಪೂರಾ ದಾನಕ್ಕ ಹೋಗ್ಬಹುದು.

ಮಾರೋದು ಅಂದ ಕೂಡ್ಲೇ ನನಗ ಅಪ್ಪಾಜಿ ಮಾತು ಅಡ್ಡ ಬರ್ತಿತ್ತು.

ಗಂಟು ಬಿಚ್ಚಿದ್ದು ಡಯಾಲಿಸಿಸ್ ವಾರ್ಡಿನ ಹೊರಗಿನ ಬೆಂಚಿನ ಮ್ಯಾಲ. ಅಪ್ಪಾಜಿನ್ನ ಒಳಗ ಬಿಟ್ಟು ನಾಲ್ಕು ತಾಸು ನಾ ಅಲ್ಲೇ ಕೂಡ್ತಿದ್ದೆ, ಎರಡು ವರ್ಷದಾಗ ಆ ಬೆಂಚಿನ ಮಂದಿ ಎಲ್ಲಾ ಪರಿಚಯ ಆಗಿದ್ರು. ಒಂದಿನ ಅವ್ರನ್ನ ನೋಡ್ಕೊಂಡು ಬರೋಣ ಅಂತ ಹೋದೆ. ಅಫಜಲಪುರ ಕಡೀದು ಒಬ್ಬ ಅಕ್ಕ, ನನ್ನ ವಯಸ್ಸಿನಾಕಿ, ಗಂಡಗ ಡಯಾಲಿಸಿಸ್. ಸರಕಾರಿ ದವಾಖಾನ್ಯಾಗ ಬಡವರಿಗೆ ಡಯಾಲಿಸಿಸ್ ಪುಕ್ಕಟ ಅದ, 2016ರಿಂದ ಕೇಂದ್ರದ ಯೋಜನಾ ನಡದದ. ಅದಕ್ಕ ಮಂದಿ ಅನ್ಕೋತಾರ ಎಲ್ಲಾ ಪುಕ್ಕಟ ಅಲ್ಲಾ ಮತ್ತ ಅಂತ. ಆಕಿ ಲೆಕ್ಕ ಹೇಳಿದ್ಲು. ನಸಕಿನ್ಯಾಗ ನಾಲ್ಕಕ್ಕ ಏಳೋದು, ಹಳ್ಳಿಯಿಂದ ಮೇನ್ ರೋಡಿಗೆ ಆಟೋ, ಅಲ್ಲಿಂದ ಬಸ್. ಶಕ್ತಿ ಯೋಜನಾ ಬಂದ ಮ್ಯಾಲ ಆಕಿಗೆ ಟಿಕೆಟ್ ಇಲ್ಲ, ಗಂಡಂದು ಅದ. ಹೋಗೋವಾಗ ಹ್ಯಾಂಗರ ಆಗ್ತದ ಅಕ್ಕಾ, ಬರೋವಾಗ ಆಗಲ್ಲ ಅಂದ್ಲು. ನನಗ ಅದು ಗೊತ್ತು. ಡಯಾಲಿಸಿಸ್ ಮುಗೀತಂದ್ರ ಬಿಪಿ ಇಳಿದು, ಕಾಲಾಗ ಸೆಳವು ಬಂದು, ಮೈಯಾಗಿನ ಶಕ್ತಿ ಎಲ್ಲಾ ಹಿಂಡಿದಂಗ ಆಗಿರ್ತದ, ಅಪ್ಪಾಜಿ ಕಾರಿನ ಸೀಟು ಹಿಂದ ಮಲಗಿಸ್ಕೊಂಡೇ ಬರ್ತಿದ್ರು. ಅಂಥ ಮನುಷ್ಯಾ ಬಸ್ ಸ್ಟ್ಯಾಂಡಿನ್ಯಾಗ ಬಿಸಿಲಿಗೆ ನಿಂತು, ರಶ್ ಬಸ್ಸಿನ್ಯಾಗ ಕಂಬಿ ಹಿಡ್ಕೊಂಡು 60 ಕಿಲೋಮೀಟರ್ ಹೋಗಬೇಕು. ವಾರಕ್ಕ ಎರಡು ಸಲ ಆಕಿ ಕೂಲಿನೂ ಹೋಗ್ತದ. ಒಂದೊಂದು ವಾರ ರೊಕ್ಕ ಇಲ್ದೇ ಒಂದು ಡಯಾಲಿಸಿಸ್ ಬಿಡ್ತಾರ. ಹಂಗ ಬಿಟ್ಟು ಬಿಟ್ಟು ಆ ಬೆಂಚಿನಿಂದ ಎಷ್ಟು ಮಂದಿ ಬರೋದೇ ನಿಂತ್ರು ಅನ್ನೋದು ನನಗ ಹೆಸರು ಸಮೇತ ಗೊತ್ತು.

ಅಲ್ಲೇ ಆ ಪೇಷಂಟ್‌ಗಳಿಗೆ ಊಟ, ಔಷಧಿಗೆ ನೆರವು ಮಾಡೋ ಒಂದು ಸಣ್ಣ ಟ್ರಸ್ಟ್ ಅದ. ಅದರ ಹಿರಿಯರನ್ನ ಕೇಳ್ದೆ, ಬೆಂಜ್ ಕೊಡ್ತೀನಿ, ಇವ್ರನ್ನ ಕರ್ಕೊಂಡು ಬರ್ಲಿಕ್ಕೆ ಇಟ್ಕೋರಿ. ಅವ್ರು ನಕ್ಕು ಕೈ ಹಿಡ್ಕೊಂಡು ಅಂದ್ರು, ಅವ್ವಾ, ನಿಮ್ಮ ಗಾಡಿ ಮುರಿಯಲ್ಲ ಅಂತ ನಾ ನಂಬ್ತೀನಿ, ಆದ್ರ ಒಂದು ಪೈಪು ಹೋಯ್ತಂದ್ರ ಅದರ ಪಾರ್ಟ್ ಪುಣೆಯಿಂದ ಬರೋ ತನಕ ನನ್ನ ಪೇಷಂಟ್ ಎಂಟು ದಿನ ಕಾಯ್ಲಿಕ್ಕೆ ಬರಲ್ಲ. ನಮಗ ಬೇಕಾದ್ದು ಯಾವ ಮೂಲ್ಯಾಗೂ ರಿಪೇರಿ ಆಗೋ ಒಂದು ವ್ಯಾನ್. ಅಷ್ಟೂ ಅಲ್ಲ, ವ್ಯಾನ್ ಕೊಡೋರು ಸಿಗ್ತಾರ, ಪೆಟ್ರೋಲ್ ಮತ್ತ ಡ್ರೈವರ್ ಪಗಾರ ಕೊಡೋರು ಯಾರೂ ಸಿಗಲ್ಲ.

ಆವತ್ತು ಸಂಜಿ ನಾ ಶರಣಬಸವೇಶ್ವರ ಗುಡಿಗೆ ಹೋಗಿದ್ದೆ, ದಾಸೋಹದ ಪಂಕ್ತ್ಯಾಗ ಕೂತಾಗ ಸಣ್ಣಾಕಿದ್ದಾಗಿಂದ ಕೇಳಿದ ಕತಿ ಹೊಸದಾಗಿ ಕೇಳಿದಂಗ ಆಯ್ತು. ಅರಳಗುಂಡಗಿ ಹೊಲದಾಗ ಶರಣಪ್ಪ ಹಕ್ಕಿ ಓಡಿಸ್ಲಿಲ್ಲ, ಜೋಳದ ತೆನಿ ತಿನ್ಲಿಕ್ಕೆ ಬಿಟ್ರು, ಅಷ್ಟೇ ಅಲ್ಲ, ತಿಂದ ಹಕ್ಕಿಗೆ ನೀರಡಿಕಿ ಆಗ್ತದ ಅಂತ ನೀರೂ ಇಟ್ರು. ಕಾಳು ಕೊಡೋದು ಎಲ್ಲಾರಿಗೂ ಹೊಳೀತದ. ಆ ನೀರಿನ ಗಡಿಗಿ ಹೊಳೆಯೋದು ಹಕ್ಕಿ ಜಾಗಾದಾಗ ನಿಂತು ನೋಡ್ದೋರಿಗೆ. ನಾನು ಎರಡು ವರ್ಷದಿಂದ ಕಾಳಿನ ಚೀಲ ಹೊತ್ಕೊಂಡು ತಿರುಗ್ಲತ್ತಿದ್ದೆ.

ಮನಿಗೆ ಬಂದು ಅವ್ವಗ ಹೇಳ್ದೆ. ಅವ್ವ ಅಂದ್ಲು, ನಿಮ್ಮಪ್ಪ ಮಾರಿ ಹಂಚ್ಕೋಬ್ಯಾಡ್ರಿ ಅಂದಾನ, ಮಾರಬ್ಯಾಡ್ರಿ ಅಂದಿಲ್ಲ. ಎರಡು ವರ್ಷದ ಚಿಂತಿ ಅವ್ವ ಒಂದೇ ಮಾತಿನ್ಯಾಗ ಮುಗಿಸಿದ್ಲು.

ಇನ್ನು ಗಾಡಿ ರೆಡಿ ಮಾಡೋದು. ಹುಮನಾಬಾದ್ ರೋಡಿನ ಕಡೆ ನಮ್ಮ ಉಸ್ತಾದ್ ಇದ್ದಾರ, 70 ದಾಟ್ಯದ, ಈ ಗಾಡಿ ಕಲಬುರಗಿಗೆ ಬಂದಾಗಿಂದ ಅವ್ರೇ ನೋಡ್ಕೊಂಡವರು. ಮೂರು ವರ್ಷ ನಿಂತ ಗಾಡಿ, ಟ್ಯಾಂಕಿನ್ಯಾಗ ಡೀಸೆಲ್ ಅಂಟಾಗಿತ್ತು, ರಬ್ಬರ್ ಪೈಪುಗಳೆಲ್ಲ ರೊಟ್ಟಿ ಹಂಗ ಮುರೀಲತ್ತಿದ್ವು. ಈ ಗಾಡ್ಯಾಗ ಡೋರ್ ಲಾಕ್ ಸುದ್ದಾ ಕರೆಂಟಿನ ಮ್ಯಾಲ ಅಲ್ಲ, ವ್ಯಾಕ್ಯೂಮ್ ಅಂದ್ರ ಗಾಳಿ ಎಳಿಯೋ ಪೈಪಿನ ಮ್ಯಾಲ ನಡೀತದ, ಇಂಜಿನ್ ಬಂದ್ ಆಗೋದೂ ಅದರಿಂದಲೇ. ಎಲ್ಲ್ಯಾದ್ರೂ ಗಾಳಿ ಸೋರ್ತಂದ್ರ ಚಾವಿ ತೆಗೆದು ಕೈಯಾಗ ಹಿಡ್ಕೊಂಡ್ರೂ ಇಂಜಿನ್ ಓಡ್ಲಿಕ್ಕತ್ತಿರ್ತದ, ಬಾನೆಟ್ ಎತ್ತಿ ಪಂಪಿನ ಹತ್ರ ಸ್ಟಾಪ್ ಅಂತ ಬರ್ದ ಲಿವರ್ ಒತ್ತಬೇಕು. ಉಸ್ತಾದ್ ಡೀಸೆಲ್ ಬದ್ಲಿಸಿ, ಫಿಲ್ಟರ್ ಹಾಕಿ, ನಾಲ್ಕು ಗ್ಲೋ ಪ್ಲಗ್ ಹೊಸವು ಕೂಡಿಸಿ ಚಾವಿ ನನ್ನ ಕೈಗೆ ಕೊಟ್ರು, ತುಮೀಚ್ ಚಾಲೂ ಕರೋ ಬೇಟಿ ಅಂತ. ಹಳದಿ ದೀಪ ಆರೋ ತನಕ ಕಾದು ತಿರುವಿದೆ. ಎರಡು ಸಲ ಕೆಮ್ಮಿ, ಬಿಳೇ ಹೊಗಿ ಬಿಟ್ಟು, ಆ ಹಳೇ ಟಕ ಟಕ ಟಕ ಸಪ್ಪಳ ಶುರು ಆಯ್ತು. ಆ ಸಪ್ಪಳ ರಾತ್ರಿ ಕೇಳಿದ್ರ ಅಪ್ಪಾಜಿ ಸೊಲ್ಲಾಪುರದಿಂದ ವಾಪಸ್ ಬಂದ್ರು ಅಂತ ನಾವು ಮಕ್ಕಳು ಹಾಸಿಗ್ಯಾಗೇ ತಿಳ್ಕೊಂಡು ಮತ್ತ ಮಲಗ್ತಿದ್ವಿ. ಉಸ್ತಾದ್ ಆ ಕಡೆ ಮಾರಿ ತಿರುವ್ಕೊಂಡು ಕೈ ಒರಸ್ಕೊಳ್ಳತ್ತಿದ್ರು. ಇಂಜಿನ್ ಕೂ ಕುಚ್ ಬೀ ನೈ ಹುವಾ ಅಂದ್ರು, ಮಜೂರಿ ತಗೊಳ್ಳಿಲ್ಲ.

ಕೊಳ್ಳೋರು ಹೈದರಾಬಾದಿನಿಂದ ಬಂದ್ರು, ಹಳೇ ಬೆಂಜ್ ಗಾಡಿ ಪ್ರೀತಿ ಇರೋ ಸಣ್ಣ ವಯಸ್ಸಿನ ಹುಡುಗ. ನಾ ಮೊದಲೇ ಎರಡು ಕರಾರು ಹೇಳಿದ್ದೆ, ಪಾರ್ಟ್ ಬಿಚ್ಚಿ ಮಾರಬಾರ್ದು, ರೊಕ್ಕ ಸೀದಾ ಟ್ರಸ್ಟಿನ ಖಾತೆಗೆ ಹೋಗಬೇಕು. ಎರಡೂ ಒಪ್ಪಿದ. ಸೀಟು, ಡಿಕ್ಕಿ ತಳ, ಬಾಗಿಲ ಕೆಳಗ ಎಲ್ಲಾ ಕಡೆ ಬ್ಯಾಟರಿ ಹಾಕಿ ನೋಡ್ದ, ಜಂಗು ಹಿಡಿದಿದ್ದಿಲ್ಲ, ನಮ್ಮ ಒಣ ಹವಾ ಅಷ್ಟರಮಟ್ಟಿಗೆ ಉಪಕಾರ ಮಾಡಿತ್ತು. 7 ಲಕ್ಷಕ್ಕ ಮಾತಾಯ್ತು. ಗ್ಲವ್ ಬಾಕ್ಸಿನ ಚೀಟಿ ಅವ್ನಿಗೇ ಕೊಟ್ಟೆ, ಅದು ಗಾಡಿ ಜೊತಿಗೇ ಇರಬೇಕಾದ್ದು. ಅವ್ವ ಬಾನೆಟ್ಟಿನ ಮ್ಯಾಲ ಕುಂಕುಮ ಹಚ್ಚಿದ್ಲು. ರಿಂಗ್ ರೋಡ್ ತನಕ ನಾ ಸ್ಕೂಟಿ ಮ್ಯಾಲ ಹಿಂದ ಹೋದೆ, ಅಲ್ಲಿ ನಿಂತು ಸಪ್ಪಳ ಕೇಳೋ ತನಕ ಕೇಳಿ ವಾಪಸ್ ಬಂದೆ.

7 ಲಕ್ಷದಾಗ ಟ್ರಸ್ಟಿನವರು ಎರಡು ವರ್ಷ ಓಡಿದ ಒಂದು ಮಾರುತಿ ಈಕೋ ವ್ಯಾನ್ ತಗೊಂಡ್ರು, 4 ಲಕ್ಷ 10 ಸಾವಿರ ಆಯ್ತು. ಉಳಿದ 2 ಲಕ್ಷ 90 ಸಾವಿರ ಪೆಟ್ರೋಲು, ಇನ್ಶೂರೆನ್ಸು, ಟೈರು ಅಂತ ಬ್ಯಾರೆ ಖಾತ್ಯಾಗ ಇಟ್ಟೀವಿ, ಅದನ್ನ ಬ್ಯಾರೆ ಯಾವುದಕ್ಕೂ ಮುಟ್ಟಬಾರ್ದು ಅಂತ ಠರಾವು ಬರ್ಸ್ಕೊಂಡೀವಿ. ಡ್ರೈವರ್ ಪಗಾರ ಅಣ್ಣ ಮತ್ತ ನಾನು ತಿಂಗಳಾ ಅರ್ಧ ಅರ್ಧ ಹಾಕ್ತೀವಿ. ಸೋಮವಾರ, ಗುರುವಾರ ಆಳಂದ ಕಡೆ, ಮಂಗಳವಾರ, ಶುಕ್ರವಾರ ಅಫಜಲಪುರ ಕಡೆ. ಒಂದು ಟ್ರಿಪ್ಪಿಗೆ ನಾಲ್ಕು ಮಂದಿ. ನಾಲ್ಕೇನಾ ಅಂತ ಒಬ್ರು ಕೇಳಿದ್ರು. ಹೌದು, ನಾಲ್ಕೇ. ಎಂಟು ಮಂದಿ ಒಂದು ಡಯಾಲಿಸಿಸ್ಸೂ ಬಿಡದಂಗ ಬರ್ಲತ್ಯಾರ, ನನಗ ಅದು ಭಾಳ ದೊಡ್ಡ ಲೆಕ್ಕ.

ಮೊದಲನೇ ದಿನ ನಾನೂ ಹೋಗಿದ್ದೆ. ವಾಪಸ್ ಬರೋವಾಗ ಅಫಜಲಪುರದ ಆ ಅಕ್ಕನ ಗಂಡಗ ಹಿಂದಿನ ಸೀಟು ಗಟ್ಟಿ ಅನ್ನಿಸ್ತು, ಈಕೋ ಸೀಟು ಬೆಂಜಿನ ಹಂಗ ಎಲ್ಲಿ ಬರ್ಬೇಕು. ಮರುವಾರ ಅಪ್ಪಾಜಿ ಕೌದಿ ಒಗದು ಒಣಗಿಸಿ ಕೊಟ್ಟು ಬಂದೆ. ಈಗ ಅದು ವ್ಯಾನಿನ್ಯಾಗೇ ಇರ್ತದ, ಡ್ರೈವರ್ ಹುಡುಗ ವಾರಕ್ಕೊಮ್ಮೆ ಒಗಸ್ಲಿಕ್ಕೆ ಮನಿಗೆ ತಂದು ಕೊಡ್ತಾನ. ನಿನ್ನೆ ಬಂದಾಗ ಹೇಳ್ದ, ಮುಂದಿನ ಎರಡು ಟೈರ್ ಸವದಾವ, ಮಳಿ ಶುರು ಆಗೋದ್ರಾಗ ಬದ್ಲಿಸಬೇಕು ಅಂತ. ಶನಿವಾರ ಸುಪರ್ ಮಾರ್ಕೆಟ್ ಕಡೆ ಹೋಗಿ ರೇಟ್ ಕೇಳ್ಕೊಂಡು ಬರ್ತೀನಿ.